ನಮ್ಮ ದೇಹ, ನಮ್ಮ ಮನೆ: ದೂರು ಹೇಳದ ದುಡಿಮೆಗಾರರು

ಕಳೆದ ಸಂಚಿಕೆಯಲ್ಲಿ ಹೃದಯವನ್ನು ಕುರಿತು ಬರೆದಿದ್ದೆ. ಈ ಸಲ ಮೂತ್ರಪಿಂಡಗಳ ಸರದಿ. ವಿಷಯ ಕೇಳಿದೊಡನೆ ಕೆಲವರು ಮುಖ ಸಿಂಡರಿಸಬಹುದು. ಹೃದಯದ ಮಾತಾದರೆ ಕವಿಗಳೂ ಕಿವಿಗೊಡುತ್ತಾರೆ. ಮೂತ್ರದ ಮಾತನ್ನು ಮನೆಯವರ ಮುಂದೆಯೂ ಆಡುವ ರೂಢಿ ನಮ್ಮಲ್ಲಿಲ್ಲ. ಆದರೆ ಈ ಸಂಕೋಚಕ್ಕೆ ನಾವು ತೆರುವ ಬೆಲೆ ದೊಡ್ಡದು. ಅದು ಹೇಗೆಂಬುದನ್ನು ಆಮೇಲೆ ನೋಡೋಣ. ಮೊದಲು ಈ ಅಂಗದ ಪರಿಚಯವಾಗಲಿ.

ಸೊಂಟಕ್ಕಿಂತ ತುಸು ಮೇಲೆ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಕೊನೆಯ ಪಕ್ಕೆಲುಬುಗಳ ಆಸರೆಯಲ್ಲಿ ಒಂದೊಂದು ಮೂತ್ರಪಿಂಡವಿದೆ. ಆಕಾರ ಅವರೆಬೀಜದ್ದು, ಗಾತ್ರ ಹೆಚ್ಚು ಕಡಿಮೆ ನಮ್ಮ ಮುಷ್ಟಿಯಷ್ಟು. ಬಲಗಡೆಯದರ ಮೇಲೆ ಯಕೃತ್ತು ಕೂತಿರುವುದರಿಂದ ಅದು ಎಡಗಡೆಯದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಎರಡನ್ನೂ ಕೂಡಿಸಿ ತೂಗಿದರೆ ಸುಮಾರು 300 ಗ್ರಾಂ. ಇಷ್ಟು ಚಿಕ್ಕ ಜೋಡಿಗೆ ಸಲ್ಲುವ ಪಾಲು ಮಾತ್ರ ಚಿಕ್ಕದಲ್ಲ. ಹೃದಯ ನಿಮಿಷಕ್ಕೆ ಹೊರಡಿಸುವ ಸುಮಾರು 5 ಲೀಟರು ರಕ್ತದಲ್ಲಿ ಐದನೆಯ ಒಂದು ಭಾಗ ನೇರವಾಗಿ ಇಲ್ಲಿಗೇ ಬರುತ್ತದೆ.

ಒಂದೊಂದು ಪಿಂಡದಲ್ಲಿಯೂ ಸುಮಾರು 10 ಲಕ್ಷ ಸಣ್ಣ ಸಣ್ಣ ಶೋಧಕಗಳಿವೆ. ಇವುಗಳಿಗೆ ನೆಫ್ರಾನ್ ಎಂದು ಹೆಸರು. ಪ್ರತಿಯೊಂದರ ತುದಿಯಲ್ಲಿ ಕೂದಲಿಗಿಂತ ಸಪೂರವಾದ ರಕ್ತನಾಳಗಳ ಒಂದು ಉಂಡೆ; ಅದನ್ನು ಸುತ್ತಿ ಹಿಡಿದ ಒಂದು ಬಟ್ಟಲು; ಬಟ್ಟಲಿನಿಂದ ಹೊರಟ ಒಂದು ನಳಿಕೆ. ಇಟಲಿಯ ಮಾಲ್ಪೀಗಿ 1666ರಷ್ಟು ಹಿಂದೆಯೇ ಈ ಉಂಡೆಗಳನ್ನು ವರ್ಣಿಸಿದನು. ಬಟ್ಟಲಿಗೂ ನಳಿಕೆಗೂ ಇರುವ ಸಂಬಂಧವನ್ನು 1842ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಬೋಮನ್.

ಇವು ರಕ್ತವನ್ನು ಶುದ್ಧ ಮಾಡುವ ಕ್ರಮವಂತೂ ಸೋಜಿಗದ್ದು. ದೀಪಾವಳಿಗೆ ಮುಂಚೆ ಮನೆಯ ಕಪಾಟನ್ನು ಚೊಕ್ಕಟ ಮಾಡಲು ಎರಡು ದಾರಿಗಳಿವೆ. ಒಳಗೆ ಕೈಹಾಕಿ ಬೇಡದ್ದನ್ನು ಒಂದೊಂದಾಗಿ ಹುಡುಕಿ ತೆಗೆಯುವುದು ಒಂದು. ಇದ್ದುದೆಲ್ಲವನ್ನೂ ನೆಲಕ್ಕೆ ಸುರಿದು, ಬೇಕಾದುದನ್ನು ಮಾತ್ರ ಮತ್ತೆ ಒಳಗೆ ಜೋಡಿಸಿ, ಉಳಿದುದನ್ನು ಗುಡಿಸಿ ಹಾಕುವುದು ಇನ್ನೊಂದು. ಮೂತ್ರಪಿಂಡ ಹಿಡಿದಿರುವುದು ಎರಡನೆಯ ದಾರಿಯನ್ನು. ರಕ್ತಕಣಗಳೂ ಪ್ರೋಟೀನುಗಳೂ ದೊಡ್ಡವಾದ್ದರಿಂದ ಸೋಸುವಲ್ಲಿಯೇ ತಡೆದು ನಿಲ್ಲುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯ ಎಲ್ಲವೂ ನಳಿಕೆಗೆ ಇಳಿದುಬಿಡುತ್ತವೆ. ಆಮೇಲೆ ನಳಿಕೆಯ ಗೋಡೆ ಬೇಕಾದುದನ್ನು ಆರಿಸಿ ರಕ್ತಕ್ಕೆ ಹಿಂದಿರುಗಿಸುತ್ತದೆ. ಹೀಗೆ ದಿನಕ್ಕೆ ಸೋಸುವ ನೀರು ಸುಮಾರು 180 ಲೀಟರು. ಮೂತ್ರವಾಗಿ ಹೊರಡುವುದು ಒಂದೂವರೆ ಲೀಟರು ಮಾತ್ರ. ಸೋಸಿದ ನೀರಿನ ಜೊತೆಗೆ ಕೆಳಗಿಳಿಯುವ ಉಪ್ಪೇ ದಿನಕ್ಕೆ ಸುಮಾರು ಒಂದೂವರೆ ಕಿಲೋ! ಅದರಲ್ಲಿ ಕೆಲವೇ ಗ್ರಾಂ ಬಿಟ್ಟು ಉಳಿದುದೆಲ್ಲ ವಾಪಸು ಜಮಾ.

ಇಷ್ಟೊಂದು ಸುತ್ತುಬಳಸು ಯಾಕೆ, ಎಂದು ಕೇಳಬಹುದು. ಇದರಲ್ಲಿ ಒಂದು ಜಾಣತನವಿದೆ. ಬೇಡದ್ದರ ಗುರುತು ಹಿಡಿಯುವ ಕಷ್ಟವೇ ಇಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಕಂಡು ಕೇಳದ ಹೊಸ ಔಷಧವೊಂದು ರಕ್ತದಲ್ಲಿ ಕರಗಿ ಬಂದಿತೆನ್ನಿ. ಅದು ನಳಿಕೆಗೆ ಇಳಿಯುತ್ತದೆ, 'ಬೇಕಾದವರ' ಪಟ್ಟಿಯಲ್ಲಿ ಅದರ ಹೆಸರಿಲ್ಲದಿದ್ದರೆ ಹೊರಗೆ ಹೋಗುತ್ತದೆ.

ರಕ್ತದಲ್ಲಿ ಸಕ್ಕರೆ ಮಿತಿಯಲ್ಲಿರುವ ತನಕ ನಳಿಕೆ ಅದನ್ನು ಪೂರ್ತಿಯಾಗಿ ಹಿಂದಕ್ಕೆ ಎತ್ತಿಕೊಳ್ಳುತ್ತದೆ. ಮಿತಿ ಮೀರಿದಾಗ ಎತ್ತಿ ಮುಗಿಯದೆ ಮೂತ್ರಕ್ಕೆ ಬೀಳುತ್ತದೆ. 'ಮಧುಮೇಹ' ಎಂಬ ಹೆಸರಿನ ಗುಟ್ಟು ಇದೇ. ಇನ್ನು, ರಕ್ತದ ಒತ್ತಡವನ್ನು ಹದದಲ್ಲಿಡುವುದು, ಕೆಂಪುಕಣಗಳನ್ನು ತಯಾರಿಸುವಂತೆ ಎಲುಬಿನ ಮಜ್ಜೆಗೆ ಸೂಚನೆ ಕಳುಹಿಸುವುದು, ಡಿ ಜೀವಸತ್ವವನ್ನು ಉಪಯೋಗಕ್ಕೆ ತರುವುದು, ಇವೂ ಇದೇ ಜೋಡಿಯ ಕೆಲಸಗಳೇ.

ಇಷ್ಟು ದುಡಿಯುವ ಅಂಗ ದಣಿದಾಗ ಕೂಗಿಕೊಳ್ಳಬೇಡವೆ? ಕೂಗುವುದಿಲ್ಲ, ಆಪತ್ತು ಇರುವುದು ಅಲ್ಲಿಯೇ. ಕಲ್ಲು ಸಿಕ್ಕಿಕೊಂಡರೆ ತಾಳಲಾರದ ನೋವುಂಟು, ನಿಜ. ಆದರೆ ಶೋಧಕಗಳು ಒಂದೊಂದಾಗಿ ಸವೆದು ಸಾಯುವಾಗ ನೋವಿಲ್ಲ. ಸತ್ತವುಗಳ ಕೆಲಸವನ್ನು ಉಳಿದವು ಹೊತ್ತುಕೊಳ್ಳುತ್ತವೆ. ಒಂದು ಪಿಂಡವನ್ನು ದಾನ ಕೊಟ್ಟವರು ಇನ್ನೊಂದರಿಂದಲೇ ಬಾಳುವುದು ಸಾಧ್ಯವಾಗಿರುವುದು ಈ ಗುಣದಿಂದ. ರೋಗ ಮರೆಯಲ್ಲಿ ಬೆಳೆಯುವುದೂ ಇದೇ ಗುಣದಿಂದ. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದ ಮೇಲೂ ಮನುಷ್ಯ ಎಂದಿನಂತೆ ತಿರುಗಾಡಿಕೊಂಡಿರಬಹುದು.

ನಮ್ಮ ಬಿಲ್ಡಿಂಗಿನಲ್ಲಿಯೇ ಕಂಡ ಸಂಗತಿ. ಧಾರವಾಡದ ಕಡೆಯಿಂದ ಮಗನ ಮನೆಗೆ ಬಂದಿದ್ದ ತಾಯಿಯೊಬ್ಬರಿಗೆ ಹಲವು ವರ್ಷಗಳ ಸಕ್ಕರೆ ಕಾಯಿಲೆ. ಜೊತೆಗೆ ಮೊಣಕಾಲು ನೋವು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಾವೇ ತರಿಸಿ ದಿನಾಲೂ ನುಂಗುತ್ತಿದ್ದರು. ಕಾಲು ಊದಿ, ಊಟ ಸೇರದೆ, ವಾಂತಿ ಹಿಡಿದಾಗ ರಕ್ತ ಪರೀಕ್ಷೆಯಾಯಿತು. ಈಗ ವಾರಕ್ಕೆರಡು ಸಲ ಡಯಾಲಿಸಿಸ್. "ಮೊದಲೇ ಯಾಕ ಹೇಳಲಿಲ್ಲವ್ವಾ?" ಎಂದು ಮಗ ಕಣ್ಣೀರಿಟ್ಟರೆ, ಆಕೆ ಹೇಳಿದ್ದು ಇಷ್ಟು: "ಮೊಣಕಾಲು ನೋವಾತು, ಹೇಳಿದೆ. ಇದು ನೋವಽ ಆಗಲಿಲ್ಲಲ್ಲಪಾ!"

ನೆದರ್ಲೆಂಡ್ಸಿನ ಕೋಲ್ಫ್ ಎಂಬ ವೈದ್ಯನು 1943ರಲ್ಲಿ ಯಂತ್ರದ ಮೂತ್ರಪಿಂಡವನ್ನು ರೋಗಿಗಳಿಗೆ ಬಳಸತೊಡಗಿದನು. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಒಬ್ಬನ ಪಿಂಡವನ್ನು ಅವನ ಅವಳಿ ಸಹೋದರನಿಗೆ ಜೋಡಿಸಿ ಗೆದ್ದರು. ನಮ್ಮ ದೇಶದಲ್ಲಿ ಈ ಶಸ್ತ್ರಕ್ರಿಯೆ 1971ರಲ್ಲಿ ವೆಲ್ಲೂರಿನಲ್ಲಿ ಯಶಸ್ವಿಯಾಯಿತು. ಇವು ಜೀವ ಉಳಿಸುವ ವಿದ್ಯೆಗಳು, ಸಂಶಯವಿಲ್ಲ. ಆದರೆ ಸವೆದುಹೋದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ, ಕಾಪಾಡಿಕೊಳ್ಳುವುದೇ ಲೇಸು.

ಕಾಪಾಡುವುದು ಹೇಗೆ? ಇದನ್ನು ಹೆಚ್ಚಾಗಿ ಹಾಳುಮಾಡುವ ವೈರಿಗಳು ಎರಡು: ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಇವೆರಡರಲ್ಲಿ ಯಾವುದಿದ್ದರೂ ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಬೇಕು. ಒಂದು, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬುದು; ಕೊಳೆ ಹಿಂದೆ ಉಳಿಯುತ್ತಿದೆಯೇ ಎಂದು ಇದು ತಿಳಿಸುತ್ತದೆ. ಇನ್ನೊಂದು, ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂಬುದು. ತಡೆದು ನಿಲ್ಲಬೇಕಾದ ಪ್ರೋಟೀನು ಮೂತ್ರದಲ್ಲಿ ಕಂಡರೆ ಜರಡಿಯ ಕಣ್ಣು ಹರಿದಿದೆಯೆಂದೇ ಶಂಕಿಸಬೇಕು. ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಬಾರದು.

ಇನ್ನು ನಮ್ಮ ಅಕ್ಕತಂಗಿಯರಿಗೆ ಒಂದು ಮಾತು. ಡೊಂಬಿವಿಲಿ, ವಿರಾರ್ ಕಡೆಯಿಂದ ಲೋಕಲ್ ಗಾಡಿಯಲ್ಲಿ ಕೆಲಸಕ್ಕೆ ಬರುವವರು, ದಾರಿಯಲ್ಲಿ ಒಳ್ಳೆಯ ಶೌಚಾಲಯ ಸಿಗದೆಂದು ಬೆಳಗಿನಿಂದ ನೀರನ್ನೇ ಕುಡಿಯದಿರುವುದುಂಟು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕಲ್ಲಿಗೆ ದಾರಿಯಾಗುತ್ತದೆ. ತಡೆದು ಕೂತರೆ ಸೋಂಕಿಗೆ ಎಡೆಯಾಗುತ್ತದೆ. ತಪ್ಪು ಅವರದಲ್ಲ, ಊರಿನ ವ್ಯವಸ್ಥೆಯದು. ಆದರೂ ಆಫೀಸು ಮುಟ್ಟಿದೊಡನೆ ನೀರು ಕುಡಿಯುವುದನ್ನು ಮರೆಯಬಾರದು. ಉರಿಯೋ ರಕ್ತವೋ ಕಂಡರೆ ನಾಚದೆ ಮನೆಯಲ್ಲಿ ಹೇಳಬೇಕು. ಹೇಳಿದಾಗ ಗಂಡಸರು ನಗದೆ ಕೇಳಬೇಕು.

ನಾನು ವೈದ್ಯನಲ್ಲ, ಓದಿ ತಿಳಿದುದನ್ನು ಹಂಚಿಕೊಳ್ಳುವ ಗುಮಾಸ್ತ. ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನು ದೇವಸ್ಥಾನಕ್ಕೂ ಸಮುದ್ರತೀರಕ್ಕೂ ಕರೆದೊಯ್ಯುತ್ತೇವಲ್ಲ, ಅದೇ ವಾರದಲ್ಲಿ ಒಂದು ಬೆಳಿಗ್ಗೆ ಈ ಪರೀಕ್ಷೆಗಳನ್ನೂ ಮಾಡಿಸಿಬಿಡಿ. ಮುಂದಿನ ಸಂಚಿಕೆಯಲ್ಲಿ ಯಕೃತ್ತಿನ ವಿಚಾರ.