ಸೀಮಂತದ ತಿಂಗಳಲ್ಲೊಂದು ಚುಚ್ಚುಮದ್ದು

ಗರ್ಭಿಣಿಯರಿಗೆ ಸರ್ಕಾರ ನೀಡುವ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪನ್ನು ನಮೂದಿಸಲು ಒಂದು ಪುಟ್ಟ ಜಾಗವಿದೆ. ನೂರರಲ್ಲಿ ಸುಮಾರು ತೊಂಬತ್ತೈದು ಮಂದಿಗೆ ಅದು ಹೆರಿಗೆಯ ವೇಳೆ ರಕ್ತ ಬೇಕಾದೀತೆಂಬ ಮುನ್ನೆಚ್ಚರಿಕೆಯಷ್ಟೆ. ಉಳಿದ ಐವರಿಗೆ ಮಾತ್ರ ಅದು ಮುಂದಿನ ಮಗುವಿನ ಅಳಿವು ಉಳಿವಿನ ಪ್ರಶ್ನೆ. ಭಾರತೀಯರಲ್ಲಿ ಸರಿಸುಮಾರು ಶೇ 5ರಷ್ಟು ಮಂದಿಯ ರಕ್ತ ಆರ್‌ಎಚ್ ನೆಗೆಟಿವ್. ಕಡೂರು, ತರೀಕೆರೆ, ಅಜ್ಜಂಪುರದಂತಹ ತಾಲ್ಲೂಕುಗಳಲ್ಲಿಯೂ ಸಾವಿರ ಗರ್ಭಿಣಿಯರಿದ್ದರೆ ಅವರಲ್ಲಿ ಐವತ್ತರ ಆಸುಪಾಸು ಮಂದಿ ಈ ಗುಂಪಿನವರಿರುತ್ತಾರೆ ಎಂದು ಭಾವಿಸಬಹುದು. ಇದು ಕಡೆಗಣಿಸುವ ಸಂಖ್ಯೆಯಲ್ಲ.

ನೆಗೆಟಿವ್ ರಕ್ತ ಒಂದು ಕಾಯಿಲೆಯಲ್ಲ. ತೊಡಕು ಹುಟ್ಟುವುದು ತಾಯಿ ನೆಗೆಟಿವ್ ಆಗಿದ್ದು, ತಂದೆಯಿಂದ ಬಂದ ಗುಣದಿಂದಾಗಿ ಮಗು ಪಾಸಿಟಿವ್ ಆದಾಗ. ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಮಾಸು ಬೇರ್ಪಡುವಾಗ ಮಗುವಿನ ಒಂದಿಷ್ಟು ರಕ್ತ ತಾಯಿಯ ಮೈ ಸೇರುತ್ತದೆ. ತಾಯಿಯ ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಮುಂದಿನ ಬಸುರಿನಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಮೈಯೆಲ್ಲ ಬಾವು, ಕೆಲವೊಮ್ಮೆ ಗರ್ಭದಲ್ಲಿಯೇ ಸಾವು.

ಅಜ್ಜಂಪುರದ ಕಡೆಯ ನನ್ನ ದೊಡ್ಡಮ್ಮನಿಗೆ 1960ರ ದಶಕದಲ್ಲಿ ಆದದ್ದು ಇದೇ. ಚೊಚ್ಚಲ ಮಗು ಗುಂಡುಗುಂಡಾಗಿ ಬೆಳೆಯಿತು. ಅನಂತರದ ಮೂರರಲ್ಲಿ ಒಂದು ಹೊಟ್ಟೆಯಲ್ಲಿಯೇ ಹೋಯಿತು, ಎರಡು ಹುಟ್ಟಿದ ಮೂರ್ನಾಲ್ಕು ದಿನಗಳಲ್ಲಿ ಅರಿಸಿನದ ಬಣ್ಣಕ್ಕೆ ತಿರುಗಿ ತೀರಿಕೊಂಡವು. ಊರವರು ನಾಗದೋಷವೆಂದರು, ಮನೆಯವರು ಸೊಸೆಯ ಕಾಲ್ಗುಣವೆಂದರು. ಹರಕೆಗಳು ಸಂದವು, ಶಾಂತಿಗಳಾದವು. ಎಷ್ಟೋ ವರ್ಷಗಳ ತರುವಾಯ ಶಸ್ತ್ರಚಿಕಿತ್ಸೆಯೊಂದಕ್ಕಾಗಿ ರಕ್ತ ಪರೀಕ್ಷಿಸಿದಾಗಷ್ಟೇ ಆಕೆಯ ಗುಂಪು ತಿಳಿದದ್ದು. ಅಷ್ಟರಲ್ಲಿ ಆಕೆಯನ್ನು ದೂರಿದವರು ಯಾರೂ ಉಳಿದಿರಲಿಲ್ಲ.

ಆ ಕಾಲದಲ್ಲಿ ಮದ್ದೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಅಂಶವನ್ನು ಗುರುತಿಸಿದ್ದು 1940ರಲ್ಲಿ. ಲಿವರ್‌ಪೂಲ್ ಹಾಗೂ ನ್ಯೂಯಾರ್ಕ್‌ನ ಎರಡು ತಂಡಗಳು 1960ರ ದಶಕದಲ್ಲಿ ಆಂಟಿ-ಡಿ ಚುಚ್ಚುಮದ್ದನ್ನು ರೂಪಿಸಿದವು. ಅಮೆರಿಕದಲ್ಲಿ ಅದಕ್ಕೆ ಪರವಾನಗಿ ದೊರೆತದ್ದು 1968ರಲ್ಲಿ. ತಾಯಿಯ ಮೈ ಸೇರಿದ ಮಗುವಿನ ರಕ್ತಕಣಗಳನ್ನು, ಆಕೆಯ ದೇಹ ಗುರುತು ಹಿಡಿಯುವ ಮುನ್ನವೇ ಇಲ್ಲವಾಗಿಸುವುದು ಇದರ ಕೆಲಸ. ದಾನಿಗಳ ಪ್ಲಾಸ್ಮಾದಿಂದ ಇದು ತಯಾರಾಗುತ್ತದೆ. 1954ರಿಂದ 2018ರವರೆಗೆ 1,173 ಬಾರಿ ರಕ್ತ ಮತ್ತು ಪ್ಲಾಸ್ಮಾ ನೀಡಿ, 2025ರ ಫೆಬ್ರುವರಿಯಲ್ಲಿ ನಿಧನರಾದ ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಅವರ ದಾನವೊಂದರಿಂದಲೇ ಸುಮಾರು 24 ಲಕ್ಷ ಶಿಶುಗಳಿಗೆ ರಕ್ಷಣೆ ದೊರಕಿತೆಂದು ಅಂದಾಜಿಸಲಾಗಿದೆ.

ಚುಚ್ಚುಮದ್ದಿಲ್ಲದಿದ್ದರೆ ಇಂತಹ ತಾಯಂದಿರಲ್ಲಿ ನೂರಕ್ಕೆ ಸುಮಾರು ಹದಿನಾರು ಮಂದಿಯಲ್ಲಿ ಪ್ರತಿಕಾಯ ಹುಟ್ಟುತ್ತದೆ. ಹೆರಿಗೆಯಾದ 72 ಗಂಟೆಗಳೊಳಗೆ ಕೊಟ್ಟರೆ ಅದು ಒಂದೆರಡಕ್ಕೆ ಇಳಿಯುತ್ತದೆ. 28ನೇ ವಾರದಲ್ಲಿಯೂ ಒಂದನ್ನು ಕೊಟ್ಟರೆ ಇನ್ನೂ ಕೆಳಗಿಳಿಯುತ್ತದೆ. ಇಷ್ಟು ನಿಚ್ಚಳವಾದ ಉಪಾಯ ಕೈಯಲ್ಲಿದ್ದೂ ಒಂದು ಮಗುವನ್ನು ಕಳೆದುಕೊಳ್ಳುವುದೆಂದರೆ ಅದನ್ನು ವಿಧಿ ಎನ್ನಲಾಗದು.

ತಪ್ಪುವುದು ಎಲ್ಲಿ? ನಮ್ಮ ಸಂಪ್ರದಾಯದ ಒಂದು ಸುಂದರ ಸಂದರ್ಭದಲ್ಲಿಯೇ ಎಂಬುದು ನನ್ನ ಅನಿಸಿಕೆ. 28ನೇ ವಾರವೆಂದರೆ ಏಳನೆಯ ತಿಂಗಳು. ಅನೇಕ ಮನೆಗಳಲ್ಲಿ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ಯುವ ಹೊತ್ತು. ಗಂಡನ ಮನೆ ಕಡೂರಿನ ಯಗಟಿಯ ಬಳಿ, ತವರು ಅಜ್ಜಂಪುರದ ಶಿವನಿಯ ಕಡೆ, ಹೆರಿಗೆ ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ. ರಕ್ತದ ಗುಂಪು ಒಂದು ಕಡೆ ಗೊತ್ತಾಗಿರುತ್ತದೆ, ಚುಚ್ಚುಮದ್ದಿನ ದಿನ ಇನ್ನೊಂದು ಕಡೆ ಬರುತ್ತದೆ, ಹೆರಿಗೆ ಮೂರನೆಯ ಕಡೆ ಆಗುತ್ತದೆ. ಅಲ್ಲಿಯವರು ಕೊಟ್ಟಿರಬೇಕೆಂದು ಇಲ್ಲಿಯವರು, ಇಲ್ಲಿಯವರು ಕೊಡುತ್ತಾರೆಂದು ಅಲ್ಲಿಯವರು ಭಾವಿಸುವಷ್ಟರಲ್ಲಿ ದಿನ ಮೀರಿರುತ್ತದೆ. ಮಡಿಲಕ್ಕಿಯ ಜೊತೆಗೆ ತಾಯಿ ಕಾರ್ಡೂ ತವರಿಗೆ ಹೋಗಬೇಕು. ಅದರಲ್ಲಿ ಚುಚ್ಚುಮದ್ದಿನ ದಿನಾಂಕ ಎದ್ದು ಕಾಣುವಂತೆ ಬರೆದಿರಬೇಕು.

ಇನ್ನೊಂದು ಲೋಪ ಗುಟ್ಟಿನದು. ಹೆರಿಗೆಯಲ್ಲಿ ಮಾತ್ರವಲ್ಲ, ಗರ್ಭಪಾತವಾದಾಗ, ಗರ್ಭನಾಳದಲ್ಲಿ ಬಸುರು ನಿಂತಾಗ, ಬಸುರಿ ಬಿದ್ದು ಹೊಟ್ಟೆಗೆ ಪೆಟ್ಟಾದಾಗಲೂ ರಕ್ತ ಬೆರೆಯಬಹುದು. 12 ವಾರಗಳೊಳಗಿನ ಗರ್ಭಪಾತಕ್ಕೆ ಆಂಟಿ-ಡಿ ಬೇಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ, ಅನಂತರದ್ದಕ್ಕೆ ಬೇಕು. ಆದರೆ ಎಷ್ಟು ವಾರವಾಗಿದೆ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ಔಷಧದಂಗಡಿಯವರಲ್ಲ. ಯಾರಿಗೂ ತಿಳಿಯದಂತೆ ಮಾತ್ರೆ ನುಂಗಿಸಿ ಮುಗಿಸುವ ಮನೆಗಳಲ್ಲಿ ಈ ಲೆಕ್ಕ ಇಡುವವರೇ ಇರುವುದಿಲ್ಲ.

ಈ ಮದ್ದು ಅಗ್ಗವಲ್ಲ. ಹೊರಗೆ ಕೊಳ್ಳಬೇಕಾದರೆ ಅಡಿಕೆ ಸುಲಿಯುವ, ಈರುಳ್ಳಿ ಕೀಳುವ ಹೆಣ್ಣುಮಗಳ ಹಲವು ದಿನಗಳ ಕೂಲಿ ಅದಕ್ಕೆ ಹೋಗುತ್ತದೆ. ಆದರೆ 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಗೆ ಪರೀಕ್ಷೆ, ಔಷಧ, ರಕ್ತ ಎಲ್ಲವೂ ಉಚಿತ. ಅದು ಭಿಕ್ಷೆಯಲ್ಲ, ಹಕ್ಕು. ಅಜ್ಜಂಪುರ ತರೀಕೆರೆಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಗಿದೆ. ತಾಲ್ಲೂಕು ಕಚೇರಿಯ ಫಲಕ ಬದಲಾದರೆ ಸಾಲದು. 2ರಿಂದ 8 ಡಿಗ್ರಿ ಶೀತದಲ್ಲಿ ಕಾಪಾಡಬೇಕಾದ ಈ ಔಷಧ ಮೂರೂ ಪಟ್ಟಣಗಳ ಸರ್ಕಾರಿ ಆಸ್ಪತ್ರೆಗಳ ಶೀತಪೆಟ್ಟಿಗೆಯಲ್ಲಿ ಸದಾ ಇರಬೇಕು. ನವಜಾತ ಶಿಶುವಿನ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ, ಮಗುವೂ ನೆಗೆಟಿವ್ ಆಗಿದ್ದರೆ ಹೆರಿಗೆಯ ನಂತರದ ಚುಚ್ಚುಮದ್ದನ್ನು ಉಳಿಸಬಹುದು.

ಒಂದು ಎಚ್ಚರಿಕೆಯ ಮಾತು. ಈ ತಿಳಿವಳಿಕೆ ಅರೆಬರೆಯಾಗಿ ಹರಡಿದರೆ ಜಾತಕದ ಜೊತೆ ರಕ್ತದ ಗುಂಪನ್ನೂ ಕೂಡಿಸಿ ನೋಡುವ ಚಾಳಿ ಬೆಳೆದೀತು. 'ಹುಡುಗಿ ನೆಗೆಟಿವ್' ಎಂದು ಸಂಬಂಧ ಮುರಿಯುವವರು ಹುಟ್ಟಿಕೊಂಡಾರು. ಇದು ಶುದ್ಧ ಅವಿವೇಕ. ಎರಡು ಚುಚ್ಚುಮದ್ದಿನಿಂದ ನೀಗುವ ತೊಡಕಿಗೆ ಹೆಣ್ಣನ್ನು ನಿರಾಕರಿಸುವುದೆಂದರೆ ನಾಗದೋಷಕ್ಕೆ ಹೊಸ ಹೆಸರಿಟ್ಟಂತೆ. ಪರೀಕ್ಷೆಗೆ ಗಂಡನೂ ತೋಳು ಚಾಚಬೇಕು. ಆತನೂ ನೆಗೆಟಿವ್ ಆಗಿದ್ದರೆ ಮಗುವಿಗೆ ಈ ಭಯವೇ ಇಲ್ಲ.

ಪ್ರತಿಕಾಯ ಒಮ್ಮೆ ಹುಟ್ಟಿತೆಂದರೆ ಈ ಚುಚ್ಚುಮದ್ದು ಕೆಲಸಕ್ಕೆ ಬಾರದು. ಆಮೇಲೆ ಗರ್ಭದ ಮಗುವಿಗೇ ರಕ್ತ ಕೊಡಿಸಲು ದೂರದ ದೊಡ್ಡ ಆಸ್ಪತ್ರೆಗಳಿಗೆ ಅಲೆಯಬೇಕು. ಆದ್ದರಿಂದ ನೆಗೆಟಿವ್ ಎಂದು ತಿಳಿದ ಕೂಡಲೇ ಕೂಂಬ್ಸ್ ಪರೀಕ್ಷೆ ಮಾಡಿಸಿ ಪ್ರತಿಕಾಯ ಇದೆಯೇ ಎಂದು ನೋಡಬೇಕು. ಪ್ರತಿ ತಿಂಗಳ 9ರಂದು ಸುರಕ್ಷಿತ ಮಾತೃತ್ವ ಅಭಿಯಾನದ ಅಂಗವಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ಆ ದಿನ ಆಶಾ ಕಾರ್ಯಕರ್ತೆಯರು ತಮ್ಮ ಹಳ್ಳಿಯ ನೆಗೆಟಿವ್ ಗರ್ಭಿಣಿಯರ ಪಟ್ಟಿಯೊಂದಿಗೆ ಬರಲಿ. ಆಸ್ಪತ್ರೆಯಲ್ಲಿ ಅಷ್ಟು ಸಂಖ್ಯೆಯ ಚುಚ್ಚುಮದ್ದು ಇದೆಯೇ ಎಂದು ಪಂಚಾಯಿತಿ ಸದಸ್ಯರು ಕೇಳಲಿ. ಇದಕ್ಕೆ ಹೊಸ ಯೋಜನೆಯೂ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಇರುವ ಪಟ್ಟಿಯನ್ನು ಇರುವ ದಾಸ್ತಾನಿನೊಂದಿಗೆ ತಾಳೆ ನೋಡಿದರೆ ಸಾಕು.