ಜಂಪರ ಸಡಿಲಾದರೆ ತೂಕ ನೋಡಿಸಿ

ನಿಪ್ಪಾಣಿಯಲ್ಲಿ ನಾನು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಬರುವವರಲ್ಲಿ ಬೀಡಿ ಕಟ್ಟುವವರೇ ಹೆಚ್ಚು. ‘ಅಕ್ಕಾ, ಜಂಪರ ಸಡಿಲಾಗೇತಿ, ಒಂದ್ ಹೊಲಿಗಿ ಹಾಕಿ ಕೊಡ್ರಿ’ ಅನ್ನುತ್ತಾರೆ. ಕೆಲವರು ಸ್ವಲ್ಪ ದಿನಕ್ಕೆ ಅದೇ ಜಂಪರ ತಂದು ಮತ್ತೊಂದು ಹೊಲಿಗೆ ಹಾಕಿಸುತ್ತಾರೆ. ಯಾಕೆಂದು ಕೇಳಿದರೆ, ‘ದುಡಿತ, ಚಿಂತಿ’ ಎಂಬ ಉತ್ತರ. ಇದನ್ನು ನಾನು ಒಪ್ಪುವುದಿಲ್ಲ.

ಬೇಕೆಂದು ಇಳಿಸದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ನೂರಕ್ಕೆ 5ರಷ್ಟು ಕಡಿಮೆಯಾದರೆ, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದರೆ, ತಪಾಸಣೆ ಬೇಕೇ ಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಯಾನ್ಸರ್, ಖಿನ್ನತೆ ಏನಾದರೂ ಇರಬಹುದು. ಹಲ್ಲಿಲ್ಲದ ಅಜ್ಜಿಗೆ ರೊಟ್ಟಿ ಅಗಿಯಲಾಗದಿರುವುದೂ ಕಾರಣವೇ. ನನಗೆ ಹೆಚ್ಚು ಭಯ ಕ್ಷಯದ್ದು. ತಂಬಾಕಿನ ಧೂಳಿನಲ್ಲಿ ಕೂತವರಿಗೆ ಕೆಮ್ಮು ಹೊಸದಲ್ಲ, ಹಾಗಾಗಿ ಕ್ಷಯದ ಕೆಮ್ಮೂ ಅದರಲ್ಲೇ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಮಾಂಸಖಂಡ ಕರಗಿ, ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ.

ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧಿ ಎರಡೂ ಉಚಿತ. ಕ್ಷಯ ರೋಗಿಗಳ ಊಟಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕೊಡುವ ತಿಂಗಳ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ಆಗಿದೆ.

ಎಲೆ, ತಂಬಾಕನ್ನು ತೂಗಿ ಕೊಡುವ ಕಡೆ ಬೀಡಿ ಕಟ್ಟುವವಳ ತೂಕವನ್ನೂ ತಿಂಗಳಿಗೊಮ್ಮೆ ಬರೆದಿಡಬೇಕು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬು ಕಡಿಯುವವರಿಗೂ ಇದೇ ಆಗಬೇಕು. ಅಕ್ಕ-ತಂಗಿಯರೇ, ಎರಡನೇ ಹೊಲಿಗೆ ಹಾಕಿಸುವ ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ.