ಬಿಡುವೂ ಕೂಲಿಯೇ

ಊರು ಬಿಟ್ಟು ಮುಂಬಯಿಗೆ ಬಂದು, ಹೋಟೆಲಿನಲ್ಲೋ ಗಿರಣಿಯಲ್ಲೋ ದುಡಿದು, ಈಗ ತಲೆ ನರೆತಿರುವ ನಾವು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ಮನೆಯ ವಿಷಯಕ್ಕೇ ಬಂದು ನಿಲ್ಲುತ್ತದೆ. ಸಂಬಳ ಸಾಲಲಿಲ್ಲವೆಂಬ ದೂರು ಇದ್ದೇ ಇದೆ; ಅದನ್ನು ಹೇಳುವಾಗ ಯಾರ ಗಂಟಲೂ ಕಟ್ಟುವುದಿಲ್ಲ. ತಾಯಿಯ ಕೊನೆಗಾಲಕ್ಕೆ ಒದಗಲಾಗಲಿಲ್ಲ, ಮಗಳು ಅಂಬೆಗಾಲಿಟ್ಟು ನಡೆದದ್ದನ್ನು ಕಾಣಲಿಲ್ಲ, ತಮ್ಮನ ಮದುವೆಗೆ ಹಣ ಹೋಯಿತು, ನಾವು ಹೋಗಲಿಲ್ಲ ಎಂಬ ಮಾತು ಬಂದಾಗ ಮಾತ್ರ ಎದುರಿಗಿದ್ದವರು ಸುಮ್ಮನೆ ಚಹಾದ ಲೋಟ ನೋಡುತ್ತ ಕುಳಿತುಬಿಡುತ್ತಾರೆ. ಈ ಕೊರಗಿನ ಬಗೆಗೆ ನಮಗೆ ತೋಚಿದ ನಾಲ್ಕು ಮಾತುಗಳನ್ನು ಕಾರ್ಮಿಕ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮಲ್ಲಿ ಬಹಳ ಜನ ಈ ಕೊರಗನ್ನು ತಮ್ಮ ಸ್ವಂತ ಕುಂದೆಂದು ಎದೆಯಲ್ಲಿ ಹೊತ್ತು ತಿರುಗುತ್ತಾರೆ. ಒಳ್ಳೆಯ ಮಗನಾಗಲಿಲ್ಲ, ಒಳ್ಳೆಯ ತಂದೆಯಾಗಲಿಲ್ಲವೆಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ಹೋಟೆಲಿನ ಮಾಣಿಯ ದಿನ ಹೇಗಿತ್ತೆಂಬುದನ್ನು ನೆನೆದು ನೋಡಿ. ಬೆಳಕು ಹರಿಯುವ ಮೊದಲೇ ಎದ್ದು ಒಲೆಗೆ ಬೆಂಕಿ ಹಾಕಬೇಕು. ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ನೆಲ ತೊಳೆದು, ಅದೇ ಮೇಜುಗಳನ್ನು ಜೋಡಿಸಿ ಮಲಗಬೇಕು. ಗಿರಣಿಯ ಬದಲಿ ಕಾರ್ಮಿಕನೋ, ಇಂದು ಕೆಲಸ ಸಿಕ್ಕೀತೇ ಇಲ್ಲವೇ ಎಂದು ಭೋಂಗಾ ಕೂಗುವ ಹೊತ್ತಿಗೆ ಗೇಟಿನ ಮುಂದೆ ನಿಲ್ಲುವವನು. ಅವನು ಎಂಟು ದಿನ ಊರಿಗೆ ಹೋದರೆ ಅವನ ಸಾಂಚೆಯ ಮುಂದೆ ಇನ್ನೊಬ್ಬ ನಿಂತಿರುತ್ತಿದ್ದ. ಕರಾವಳಿಯವರಿಗಂತೂ ದಾರಿಯೇ ದೊಡ್ಡ ತೊಡಕು. ಹಿರಿಯರ ಕಾಲದಲ್ಲಿ ಮಳೆಗಾಲ ಬಂತೆಂದರೆ ಹಡಗಿನ ದಾರಿ ಮುಚ್ಚುತ್ತಿತ್ತು. ಆಮೇಲೆ ಘಟ್ಟ ಸುತ್ತಿ ಹೋಗುವ ಬಸ್ಸು ಬಂತು. ಕೊಂಕಣ ರೈಲು ಮುಂಬಯಿಯಿಂದ ಮಂಗಳೂರಿನ ತನಕ ಪೂರ್ತಿ ತೆರೆದದ್ದು 1998ರಲ್ಲಿ. ನಾಲ್ಕು ದಿನ ರಜೆ ಸಿಕ್ಕವನಿಗೆ ಅದರಲ್ಲಿ ಎರಡು ದಿನ ಹೋಗಿ ಬರುವುದಕ್ಕೇ ಸಾಲದೆಂದಮೇಲೆ, ಆತ ಹೋಗದೆ ಉಳಿದದ್ದಕ್ಕೆ ಅವನ ಎದೆ ಕಲ್ಲಾಗಿತ್ತೆಂದು ಹೇಳುವುದು ಯಾವ ನ್ಯಾಯ?

ಎದೆ ಕಲ್ಲಾಗಿರಲಿಲ್ಲ ಎಂಬುದಕ್ಕೆ ಮನಿಯಾರ್ಡರೇ ಸಾಕ್ಷಿ. ಭಾರತದ ಅಂಚೆಯಲ್ಲಿ 1880ರಲ್ಲಿ ಆರಂಭವಾಗಿ, 2015ರಲ್ಲಿ ನಿಂತುಹೋದ ಆ ಹಳೆಯ ಫಾರಮನ್ನು ತುಂಬದ ಕೈ ನಮ್ಮಲ್ಲಿ ಯಾವುದಿದೆ? ಅದರ ತುದಿಯಲ್ಲಿ ಸುದ್ದಿ ಬರೆಯಲೆಂದು ಎರಡು ಬೆರಳಗಲದ ಜಾಗವಿರುತ್ತಿತ್ತು. ತಿಂಗಳಿಗೊಮ್ಮೆ ಇಡೀ ಸಂಸಾರವನ್ನು ಆ ಎರಡು ಬೆರಳಿನ ಜಾಗದಲ್ಲೇ ನಡೆಸಿದವರು ನಾವು. ‘ಕ್ಷೇಮ. ಅಕ್ಕಿಯ ಸಾಲ ತೀರಿಸಿ. ದನಕ್ಕೆ ಮದ್ದು ಕೊಡಿಸಿ. ಮುಂದಿನ ತಿಂಗಳು ನೋಡುತ್ತೇನೆ.’ ಕೆಲವು ದಿನಗಳ ಮೇಲೆ ಹಣ ಮುಟ್ಟಿದ ರಸೀದಿ ತಿರುಗಿ ಬರುತ್ತಿತ್ತು. ಅದರಲ್ಲಿ ತಾಯಿಯ ಹೆಬ್ಬೆಟ್ಟಿನ ಗುರುತು. ಅದನ್ನು ಟ್ರಂಕಿನ ತಳದಲ್ಲಿ ಜೋಪಾನ ಮಾಡಿದವರು ಎಷ್ಟೋ ಮಂದಿ. ಪ್ರೀತಿಗೆ ಬಡತನ ಬಂದಿರಲಿಲ್ಲ, ಹೊತ್ತಿಗೆ ಬಂದಿತ್ತು.

ಹಾಗೆಂದು ನಮ್ಮ ಬಾಳೆಲ್ಲ ಬರಿಯ ಗೋಳೆಂದೂ ಯಾರೂ ತಿಳಿಯಬಾರದು. ವಾರದ ರಜೆಯ ದಿನ ಬಿಸಿನೀರಿನಲ್ಲಿ ಮಿಂದು, ಖೋಲಿಯಲ್ಲಿ ಹತ್ತು ಜನ ಸೇರಿ ಕುಚ್ಚಲಕ್ಕಿಯ ಗಂಜಿ ಉಪ್ಪಿನಕಾಯಿ ಉಂಡ ಸುಖ ಯಾವ ಧಣಿಗೆ ಗೊತ್ತು? ರೊಟ್ಟಿಯ ಊರಿನಿಂದ ಬಂದವರ ಖೋಲಿಯಲ್ಲಿ ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದ ದಿನವೇ ಹಬ್ಬ. ಊರಿನ ಮೇಳ ಬಂದು ಯಕ್ಷಗಾನ ಆಡಿದ ರಾತ್ರಿ ಚೆಂಡೆಯ ಸದ್ದು ಕೇಳಿ ಮೈ ನವಿರೆದ್ದದ್ದು, ರಾತ್ರಿಶಾಲೆಯಲ್ಲಿ ತೂಕಡಿಸುತ್ತಲೇ ಅಕ್ಷರ ಕಲಿತದ್ದು, ಚೌಪಾಟಿಯ ಮರಳಿನಲ್ಲಿ ಕಾಸು ಖರ್ಚಿಲ್ಲದೆ ಕುಳಿತು ಕಡಲು ನೋಡಿದ್ದು, ಇವೆಲ್ಲ ಇಂದಿಗೂ ನಮ್ಮ ಆಸ್ತಿ. ಇವುಗಳಿಗೆ ಬೇಕಾದದ್ದು ಹಣವಲ್ಲ, ಬಿಡುವು. ಬಿಡುವಿದ್ದ ದಿನ ನಾವು ಮನುಷ್ಯರಾಗಿದ್ದೆವು.

ಆ ವಾರದ ರಜೆಯಾದರೂ ತಾನಾಗಿ ಬಂದದ್ದಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಇದೇ ಮುಂಬಯಿಯ ಗಿರಣಿ ಕೆಲಸಗಾರರನ್ನು ಕೂಡಿಸಿ, ವಾರಕ್ಕೊಂದು ದಿನ ರಜೆ ಬೇಕೆಂದು ಕೇಳಿದರು. ಮಾಲಿಕರು ಒಪ್ಪಿದ್ದು 1890ರಲ್ಲಿ. 1891ರ ಫ್ಯಾಕ್ಟರಿ ಕಾಯಿದೆ ಅದನ್ನು ದೇಶಕ್ಕೆಲ್ಲ ಅನ್ವಯಿಸಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಫ್ಯಾಕ್ಟರಿ ಕಾಯಿದೆ ಪ್ರತಿ 20 ದಿನದ ದುಡಿಮೆಗೆ 1 ದಿನದಂತೆ ಸಂಬಳಸಹಿತ ರಜೆಯ ಲೆಕ್ಕ ಹಾಕಿಕೊಟ್ಟಿತು. ಆ ಲೆಕ್ಕವನ್ನು ಸ್ವಲ್ಪ ಗಮನಿಸಿ. ದುಡಿದದ್ದಕ್ಕೆ ರಜೆ! ಎಂದರೆ ರಜೆಯೆಂಬುದು ಧಣಿಗಳ ದಾನವಲ್ಲ. ದುಡಿದು ಗಳಿಸಿದ್ದು, ಕೂಲಿಯದೇ ಇನ್ನೊಂದು ರೂಪ.

ಬಿಡುವು ಬೇರೆ, ಬೇಕಾರಿ ಬೇರೆ ಎಂಬುದನ್ನೂ ಮರೆಯುವಂತಿಲ್ಲ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಎಷ್ಟೋ ಜನರಿಗೆ ಗಿರಣಿಯ ಗೇಟು ತೆರೆಯಲೇ ಇಲ್ಲ. ಹೊತ್ತು ಬೇಕಾದಷ್ಟಿತ್ತು, ಊರಿಗೆ ಹೋಗಲು ಮಾತ್ರ ಮುಖವಿರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಕೆಲಸದ ಭದ್ರತೆಯಿಲ್ಲದ ಬಿಡುವು ಸುಖ ಕೊಡುವುದಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೇ ಕೇಳಬೇಕು.

ಈಗಿನ ತರುಣರು ಹೇಳಬಹುದು: ‘ಅಣ್ಣಾ, ರಜೆ ಬಿಟ್ಟುಕೊಟ್ಟರೆ ನಾಲ್ಕು ಕಾಸು ಹೆಚ್ಚು ಬರುತ್ತದೆ, ಮಕ್ಕಳ ಫೀಸಿಗಾಗುತ್ತದೆ. ಮನೆಯವರ ಜೊತೆ ಫೋನಿನಲ್ಲಿ ದಿನವೂ ಮಾತಾಡುತ್ತೇವಲ್ಲ?’ ಫೀಸಿನ ಕಷ್ಟ ನಾವು ಬಲ್ಲೆವು. ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಫೀಸಿಗೆ ಸಾಲುವಷ್ಟು ಸಂಬಳ ಕೊಡದೆ, ರಜೆಯನ್ನು ಮಾರಿ ಫೀಸು ಕಟ್ಟಿಸುವ ಏರ್ಪಾಟನ್ನು ನಾವು ಪ್ರಶ್ನಿಸಬೇಕಲ್ಲವೇ? ಫೋನು ದೊಡ್ಡ ಉಪಕಾರವೇ ಸರಿ. ಎದೆ ನಡುಗಿಸುತ್ತಿದ್ದ ತಂತಿ 2013ರಲ್ಲಿ ನಿಂತೇಹೋಯಿತು. ಈಗ ಕೆಟ್ಟ ಸುದ್ದಿ ತಡವಾಗಿ ಬರುವುದಿಲ್ಲ. ಆದರೂ ಸುದ್ದಿ ಬೇಗ ಬಂದರಾಯಿತೇ? ಕೂಡಲೇ ಹೊರಡಲು ಅಪ್ಪಣೆ ಬೇಡವೇ? ಜ್ವರದಿಂದ ಮಲಗಿದ ತಾಯಿಯ ಕಾಲೊತ್ತಲು ಫೋನಿಗೆ ಕೈಯಿಲ್ಲ.

ಆದಕಾರಣ ನಮ್ಮ ಸಂಘಗಳು ಸಂಬಳದ ಮಾತಾಡುವಾಗಲೆಲ್ಲ ರಜೆಯ ಮಾತನ್ನೂ ಮೊದಲ ಸಾಲಿನಲ್ಲೇ ಇಡಬೇಕು. ಹೋಟೆಲಿನ ಧಣಿಗಳಲ್ಲಿ ಒಂದು ಕಾಲಕ್ಕೆ ತಾವೇ ಲೋಟ ತೊಳೆದು ಮೇಲೆ ಬಂದವರು ಅನೇಕರಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನೆನಪಿಸಿದರೆ ಸಾಕು. ಮುದುಕರಾದ ನಮ್ಮವರು ಕೊರಗನ್ನು ಎದೆಯಲ್ಲಿಟ್ಟು ಬೇಯದೆ ಮಕ್ಕಳೆದುರು ಬಾಯಿಬಿಟ್ಟು ಹೇಳಲಿ. ಅಪ್ಪ ಏಕೆ ಬರಲಿಲ್ಲವೆಂಬುದು ಮಕ್ಕಳಿಗೂ ತಿಳಿಯಲಿ. ಇನ್ನು ತರುಣ ಬಂಧುಗಳೇ, ಈ ವರ್ಷ ನಿಮ್ಮ ಪಾಲಿಗೆ ಎಷ್ಟು ದಿನದ ರಜೆ ಬಂದಿದೆಯೆಂದು ಇಂದೇ ವಿಚಾರಿಸಿ ತಿಳಿದುಕೊಳ್ಳಿ. ಕೇಳಿ ಪಡೆಯಿರಿ; ಪಡೆದುಕೊಂಡು ಊರಿಗೆ ಹೋಗಿ ಬನ್ನಿ.